ಎಮ್ಮೆಗಳ ಜೊತೆ ಬೆಟ್ಟ ಹತ್ತುವ ಜನ: ವನ ಗುಜ್ಜರರ ಹೈನುಗಾರಿಕೆಯ ಪಾಠ



ಏಪ್ರಿಲ್-ಮೇ ತಿಂಗಳಲ್ಲಿ ಯಾವ ಸಂಘದ ಸಭೆಗೆ ಹೋದರೂ ಎದುರಾಗುವ ಪ್ರಶ್ನೆ ಒಂದಿದೆ. "ಡಾಕ್ಟ್ರೇ, ನಮ್ಮ ಎಮ್ಮೆ ಈದು ಆರು ತಿಂಗಳಾಯ್ತು, ಇನ್ನೂ ಬೆದೆಗೇ ಬಂದಿಲ್ಲ, ಏನ್ಮಾಡೋದು?" ನಾವು ಕೊಡುವ ಉತ್ತರವೂ ಪ್ರತಿ ವರ್ಷ ಅದೇ. ಎಮ್ಮೆಯ ಚರ್ಮ ಕಪ್ಪು, ಕೂದಲು ವಿರಳ, ಬೆವರು ಗ್ರಂಥಿಗಳು ಹಸುವಿಗಿಂತ ಬಹಳ ಕಡಿಮೆ. ಬಿಸಿಲಿನ ಶಾಖ ಮೈಗೆ ಇಳಿಯುತ್ತದೆ, ಸುಲಭವಾಗಿ ಹೊರಗೆ ಹೋಗುವುದಿಲ್ಲ. ಆಗ ಮೇವು ತಿನ್ನುವುದು ಕಡಿಮೆಯಾಗುತ್ತದೆ, ಹಾಲು ಇಳಿಯುತ್ತದೆ, ಬೆದೆ ಬಂದರೂ ಮೂಕ ಬೆದೆಯಾಗಿ ರಾತ್ರಿ ಹೊತ್ತಿನಲ್ಲಿ ಬಂದು ಹೋಗುತ್ತದೆ. ನೆರಳಿಗೆ ಕಟ್ಟಿ, ದಿನಕ್ಕೆ ಎರಡು ಮೂರು ಸಲ ಮೈಮೇಲೆ ನೀರು ಹಾಕಿ, ಕೆರೆ ಇದ್ದರೆ ಇಳಿಸಿ, ಮೇವನ್ನು ತಂಪು ಹೊತ್ತಿನಲ್ಲಿ ಕೊಡಿ, ರಾತ್ರಿ ಮಲಗುವ ಮುಂಚೆ ಒಮ್ಮೆ ಕೊಟ್ಟಿಗೆಗೆ ಹೋಗಿ ನೋಡಿ ಎನ್ನುತ್ತೇವೆ.

ಇದು ಬಿಸಿಲನ್ನು ಎಮ್ಮೆಯಿಂದ ದೂರ ಇಡುವ ಉಪಾಯ. ಎಮ್ಮೆಯನ್ನೇ ಬಿಸಿಲಿನಿಂದ ದೂರ ಕರೆದುಕೊಂಡು ಹೋಗುವ ಜನ ನಮ್ಮ ದೇಶದಲ್ಲಿ ಇದ್ದಾರೆ. ಹಿಮಾಲಯದ ತಪ್ಪಲಿನ ವನ ಗುಜ್ಜರರು ತಲೆಮಾರುಗಳಿಂದ ಮಾಡಿಕೊಂಡು ಬಂದದ್ದು ಇದನ್ನೇ. ಅವರೂ ನಮ್ಮ ಹಾಗೆ ಹಾಲು ಮಾರಿ ಬದುಕುವವರು. ಆದರೆ ಆ ಬದುಕು ಈಗ ಕೈಜಾರುತ್ತಿದೆ. ಹೇಗೆ ಕೈಜಾರಿತು ಎಂಬುದು ಹಾಲು ಉತ್ಪಾದಕರಾದ ನಾವು ತಿಳಿದಿರಬೇಕಾದ ವಿಷಯ ಎಂದು ನನಗೆ ತೋರಿದ್ದರಿಂದ ಈ ಸಂಚಿಕೆಯ ಪಾಠಕ್ಕೆ ಇದನ್ನೇ ಆರಿಸಿಕೊಂಡಿದ್ದೇನೆ.

ಎರಡು ಮನೆ, ಒಂದು ದಾರಿ

ವನ ಗುಜ್ಜರರು ಉತ್ತರಾಖಂಡ, ಹಿಮಾಚಲ ಪ್ರದೇಶ ಮತ್ತು ಉತ್ತರ ಪ್ರದೇಶದ ಗಡಿ ಕಾಡುಗಳಲ್ಲಿ ಇರುವ ಮುಸ್ಲಿಂ ಪಶುಪಾಲಕರು. ಮಾತು ಗೋಜ್ರಿ. ಸಿರ್ಮೂರಿನ ರಾಜನಿಗೆ ಮದುವೆಯಾಗಿ ಬಂದ ರಾಜಕುಮಾರಿಯ ಬಳುವಳಿಯ ಜೊತೆ ತಮ್ಮ ಹಿರಿಯರು ಜಮ್ಮು-ಕಾಶ್ಮೀರದ ಕಡೆಯಿಂದ ಎಮ್ಮೆಗಳನ್ನು ಹೊಡೆದುಕೊಂಡು ಬಂದರು ಎಂಬುದು ಅವರಲ್ಲಿ ನಡೆದುಬಂದ ಕಥೆ. ಚಳಿಗಾಲದಲ್ಲಿ ಅವರ ವಾಸ ಶಿವಾಲಿಕ್ ಬೆಟ್ಟಗಳ ಕಾಡಿನಲ್ಲಿ. ಮರದ ಕಂಬ, ಹುಲ್ಲಿನ ಮಾಡು, ಮಣ್ಣು ಬಳಿದ ನೆಲದ ಗುಡಿಸಲು. ಒಂದು ಕುಟುಂಬದ ನೆಲೆಗೆ ಡೇರಾ ಎನ್ನುತ್ತಾರೆ. ಏಪ್ರಿಲ್ ಹೊತ್ತಿಗೆ ಶಿವಾಲಿಕ್ಕಿನ ಹಳ್ಳಗಳು ಬತ್ತುತ್ತವೆ, ಮರಗಳಲ್ಲಿ ಎಲೆ ಉಳಿದಿರುವುದಿಲ್ಲ. ಆಗ ಇಡೀ ಕುಟುಂಬ ಎಮ್ಮೆ, ಕರು, ಸಾಮಾನು ಹೊತ್ತ ಕುದುರೆ-ಎತ್ತುಗಳೊಂದಿಗೆ ಹೊರಟು, ಯಮುನೆ ಮತ್ತು ಟೋನ್ಸ್ ನದಿಗಳ ಕಣಿವೆ ಹಿಡಿದು ಮೇಲೇರುತ್ತದೆ. ಹಿಮ ಕರಗಿ ಹುಲ್ಲು ಚಿಗುರುವ ಎತ್ತರದ ಬಯಲುಗಳಿಗೆ ಅಲ್ಲಿ ಬುಗ್ಯಾಲ್ ಎಂದು ಹೆಸರು. ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಚಳಿ ಬಿಗಿಯುವ ಮೊದಲು ಮತ್ತೆ ಅದೇ ದಾರಿಯಲ್ಲಿ ಇಳಿಯುತ್ತಾರೆ.

ಕೆಲವು ವರ್ಷಗಳ ಹಿಂದೆ ತರಬೇತಿಗೆಂದು ಡೆಹ್ರಾಡೂನಿಗೆ ಹೋಗಿದ್ದಾಗ, ಅಲ್ಲಿಯ ಪಶುವೈದ್ಯ ಗೆಳೆಯರೊಬ್ಬರು ನಸುಕಿನಲ್ಲಿ ನನ್ನನ್ನು ಎಬ್ಬಿಸಿ ಯಮುನೆಯ ಕಡೆಯ ರಸ್ತೆಗೆ ಕರೆದುಕೊಂಡು ಹೋದರು. ಹಗಲಿನ ಬಿಸಿಲು ಮತ್ತು ಲಾರಿಗಳ ಕಾಟ ತಪ್ಪಿಸಲು ಗುಜ್ಜರರು ರಾತ್ರಿ, ಬೆಳಗಿನ ಜಾವದಲ್ಲೇ ನಡೆಯುತ್ತಾರೆ. ಮೊದಲು ಕೊರಳ ಗಂಟೆಯ ಸದ್ದು, ಆಮೇಲೆ ರಸ್ತೆಯ ಅಂಚು ಹಿಡಿದು ಸಾಲಾಗಿ ಬಂದ ಹದಿನೆಂಟು ಎಮ್ಮೆಗಳು. ಹಗ್ಗವಿಲ್ಲ, ಮೂಗುದಾರವಿಲ್ಲ. ಮುಂದಿನ ಎಮ್ಮೆಯನ್ನು ಹನ್ನೆರಡು ವರ್ಷದ ಹುಡುಗಿಯೊಬ್ಬಳು ಹೆಸರು ಹಿಡಿದು ಕರೆದಳು, ಅದು ನಿಂತಿತು, ಹಿಂದಿನವೆಲ್ಲ ನಿಂತವು. ಎರಡು ಎಮ್ಮೆಯನ್ನು ಕೆರೆಯಿಂದ ಮನೆಗೆ ತರಲು ಮೂರು ಜನ ಓಡಾಡುವ ನಮ್ಮ ಊರು ನೆನಪಾಗಿ ನಗು ಬಂತು.

ಈ ನಡಿಗೆಯನ್ನು ಪಶುವೈದ್ಯನ ಕಣ್ಣಿನಿಂದ ನೋಡಿದರೆ ಅದರಲ್ಲಿ ಹಲವು ಲೆಕ್ಕಗಳಿವೆ. ಬೇಸಿಗೆಯ ಆರು ತಿಂಗಳು ಎಮ್ಮೆ ತಂಪಿನಲ್ಲಿ ಇರುತ್ತದೆ. ಬುಗ್ಯಾಲಿನ ಹಸಿ ಹುಲ್ಲು ಮೇದು ಇಳಿಯುವ ಎಮ್ಮೆ ಮೈತುಂಬಿಕೊಂಡಿರುತ್ತದೆ. ಎಮ್ಮೆಗಳು ಹೆಚ್ಚಾಗಿ ಬೆದೆಗೆ ಬಂದು ಗಬ್ಬ ನಿಲ್ಲುವುದು ಅದೇ ಅಕ್ಟೋಬರ್‌ನಿಂದ ಫೆಬ್ರವರಿಯ ಚಳಿಯಲ್ಲಿ. ಎಮ್ಮೆಯ ಗಬ್ಬದ ಅವಧಿ ಸುಮಾರು 310 ದಿನ ಎಂಬುದನ್ನು ಇದಕ್ಕೆ ಸೇರಿಸಿ ಎಣಿಸಿದರೆ, ಬಹುಪಾಲು ಎಮ್ಮೆಗಳು ಈಯುವುದು ಮೇವು ಹೇರಳವಾಗಿರುವ ಮಳೆಗಾಲದಿಂದ ಚಳಿಗಾಲದ ಆರಂಭದವರೆಗೆ. ಇನ್ನೊಂದು ಲಾಭ ಕಣ್ಣಿಗೆ ಕಾಣುವುದಿಲ್ಲ. ರಾಸುಗಳಿಲ್ಲದೆ ಐದಾರು ತಿಂಗಳು ಬಿಟ್ಟ ಜಾಗದಲ್ಲಿ ಉಣ್ಣೆ ಮತ್ತು ಜಂತುಹುಳುಗಳ ಮರಿಗಳು ಬಹುಪಾಲು ಆಹಾರವಿಲ್ಲದೆ ಸಾಯುತ್ತವೆ. ನಮ್ಮಲ್ಲಿ ವರ್ಷವಿಡೀ ಅದೇ ಕೊಟ್ಟಿಗೆ, ಅದೇ ಬಯಲು. ಆದ್ದರಿಂದಲೇ ಜಂತುಹುಳು ಔಷಧ ಕುಡಿಸಿದ ಮೂರು ತಿಂಗಳಿಗೆ ಮತ್ತೆ ಹೊಟ್ಟೆ ದಪ್ಪ, ಮೈ ಒಣಕಲು. ಗೊರಸೂ ಅಷ್ಟೆ. ನಡೆಯುವ ಎಮ್ಮೆಯ ಗೊರಸು ತಾನೇ ಸವೆಯುತ್ತದೆ, ಕಟ್ಟಿದ ಎಮ್ಮೆಯದನ್ನು ನಾವು ಕತ್ತರಿಸಬೇಕು.

ಋತು ನೋಡಿ ರಾಸು ಸಾಗಿಸುವುದು ಕನ್ನಡ ನಾಡಿಗೂ ಹೊಸದಲ್ಲ. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ, ಮುಂದೆ ಟಿಪ್ಪುವಿನ ಕಾಲದಲ್ಲಿ ಅಮೃತ ಮಹಲ್ ಆದದ್ದು ನಿಮಗೆ ತಿಳಿದಿದೆ. ಆ ದನಗಳಿಗೆ ಬೇಸಿಗೆಯ ಕಾವಲು ಬೇರೆ, ಮಳೆಗಾಲದ ಕಾವಲು ಬೇರೆ, ಚಳಿಗಾಲದ ಕಾವಲು ಬೇರೆ ಇತ್ತು. ಕೆರೆಯಂಗಳದ ಹುಲ್ಲನ್ನು ಬೇಸಿಗೆಗೆಂದೇ ಕಾಪಿಡುತ್ತಿದ್ದರು. ಕಾವಲುಗಳು ಕರಗಿದ ಹಾಗೆ ಆ ಪದ್ಧತಿಯೂ ಕರಗಿತು.

ಸೊಪ್ಪಿನ ಲೆಕ್ಕ

ಶಿವಾಲಿಕ್ಕಿನ ಚಳಿಗಾಲದಲ್ಲಿ ಎಮ್ಮೆಯ ಮುಖ್ಯ ಮೇವು ಹುಲ್ಲಲ್ಲ, ಮರದ ಸೊಪ್ಪು. ಸುಮಾರು 450 ಕಿಲೋ ತೂಗುವ ಎಮ್ಮೆಗೆ ದಿನಕ್ಕೆ 11-12 ಕಿಲೋ ಒಣ ಪದಾರ್ಥ ಬೇಕೆಂದು ನಾವು ಹೇಳುತ್ತೇವಲ್ಲ, ಅದನ್ನು ಹಸಿ ಸೊಪ್ಪಿನ ಲೆಕ್ಕಕ್ಕೆ ತಂದರೆ ಸುಮಾರು 30-35 ಕಿಲೋ. ಇಪ್ಪತ್ತು ಎಮ್ಮೆಯ ಮಂದೆಗೆ ದಿನಕ್ಕೆ ಆರೇಳು ನೂರು ಕಿಲೋ. ಇದನ್ನು ಮರ ಹತ್ತಿ, ಬರಿಗಾಲಲ್ಲಿ ಕೊಂಬೆಯ ಮೇಲೆ ನಿಂತು, ಕುಡುಗೋಲಿನಲ್ಲಿ ಕಡಿದು ಬೀಳಿಸಬೇಕು. ದಿಂಡಿಗ, ತಾರೆ, ಮತ್ತಿ ಮುಂತಾಗಿ ನಮ್ಮ ಕಾಡುಗಳಲ್ಲೂ ಬೆಳೆಯುವ ಮರಗಳೇ ಅಲ್ಲಿಯೂ ಸೊಪ್ಪು ಕೊಡುತ್ತವೆ. ಬಿದ್ದು ಕೈಕಾಲು ಮುರಿದುಕೊಂಡವರು, ಜೀವ ಕಳೆದುಕೊಂಡವರು ಇದ್ದಾರೆ.

ಮಲೆನಾಡಿನ ಸೊಪ್ಪಿನ ಬೆಟ್ಟ ನೋಡಿದವರಿಗೆ ಈ ಕೆಲಸದ ಹದ ಗೊತ್ತಿರುತ್ತದೆ. ತುದಿ ಕೊಂಬೆ ಬಿಡಬೇಕು, ಎಳೆ ಮರ ಮುಟ್ಟಬಾರದು, ಒಂದು ಸಲ ಕಡಿದ ಮರಕ್ಕೆ ಚಿಗುರಲು ಸಮಯ ಕೊಡಬೇಕು. ವನ ಗುಜ್ಜರರ ಪದ್ಧತಿಯಲ್ಲಿ ಆ ಸಮಯ ಕೊಡುವುದೇ ವಲಸೆ. ಅವರು ಮೇಲೆ ಇರುವಾಗ ಕೆಳಗಿನ ಕಾಡು ಮಳೆಯಲ್ಲಿ ಚಿಗುರುತ್ತದೆ, ಅವರು ಕೆಳಗೆ ಇರುವಾಗ ಬುಗ್ಯಾಲು ಹಿಮದಡಿ ಮಲಗಿರುತ್ತದೆ.

ಸೊಪ್ಪು ಕಡಿಯುವುದರಿಂದ ಕಾಡು ಹಾಳಾಯಿತು ಎಂಬ ಅರಣ್ಯ ಇಲಾಖೆಯ ಮಾತನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ನೀರಿನ ಹತ್ತಿರ, ರಸ್ತೆಯ ಹತ್ತಿರ ಡೇರಾಗಳು ಒತ್ತಾಗಿದ್ದ ಕಡೆ ಮರಗಳು ಬೋಳಾಗಿದ್ದವು. ರಾಜಾಜಿಯ ಚಿಲ್ಲಾ ಭಾಗದಿಂದ ಡೇರಾಗಳು ಹೊರಬಿದ್ದ ಮೇಲೆ ಅಲ್ಲಿ ಹುಲಿಗಳ ಸಂಖ್ಯೆ ಏರಿದ್ದೂ ನಿಜ. ಆದರೆ ಪಶುಪಾಲನೆ ಬಲ್ಲವರು ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕು. ಮೇಲಿನ ಬೆಟ್ಟಕ್ಕೆ ಹೋಗುವ ದಾರಿ ತಪ್ಪಿದ ಕುಟುಂಬ ಎಲ್ಲಿಗೆ ಹೋಗುತ್ತದೆ? ಅದು ಕೆಳಗೇ ಉಳಿಯುತ್ತದೆ. ಆರು ತಿಂಗಳು ಸೊಪ್ಪು ಕೊಡುತ್ತಿದ್ದ ಮರ ಹನ್ನೆರಡು ತಿಂಗಳು ಕೊಡಬೇಕಾಗುತ್ತದೆ. ಮೇಲಿನ ಗೇಟು ಮುಚ್ಚಿದಾಗ ಕೆಳಗಿನ ಕಾಡಿನ ಮೇಲೆ ಹೊರೆ ಎರಡರಷ್ಟಾಗುತ್ತದೆ. ಇದರ ಮೇಲೆ ಲಂಟಾನ ಬೇರೆ. ನಮ್ಮ ಬಂಡೀಪುರವನ್ನು ಮುತ್ತಿದ ಅದೇ ಕಳೆ ಶಿವಾಲಿಕ್ಕಿನಲ್ಲೂ ಹುಲ್ಲಿನ ಜಾಗ ನುಂಗಿದೆ. ಅದನ್ನು ಎಮ್ಮೆಯೂ ತಿನ್ನುವುದಿಲ್ಲ, ಜಿಂಕೆಯೂ ತಿನ್ನುವುದಿಲ್ಲ. ಹಸಿದ ರಾಸು ತಿಂದರೆ ಕಾಮಾಲೆ ಖಚಿತ.

ಹಾಲಿನ ಬೆಲೆ ಯಾರ ಕೈಯಲ್ಲಿ?

ಈಗ ನಮ್ಮ ನಿಮ್ಮ ವಿಷಯಕ್ಕೆ ಬರೋಣ. ವನ ಗುಜ್ಜರರಿಗೆ ಹೊಲವಿಲ್ಲ. ಗೋಧಿ ಹಿಟ್ಟು, ಚಹಾ, ಸಕ್ಕರೆ, ಬಟ್ಟೆ, ಔಷಧ ಎಲ್ಲವೂ ಹಾಲಿನ ದುಡ್ಡಿನಿಂದಲೇ. ಸಾಕಿದ ಎಮ್ಮೆಯನ್ನು ಕಟುಕರಿಗೆ ಮಾರುವುದು ಅವರಲ್ಲಿ ರೂಢಿಯಲ್ಲ. ಮಾಂಸವನ್ನೇ ತಿನ್ನದ ಕುಟುಂಬಗಳು ಬಹಳ ಎಂದು ಅವರ ನಡುವೆ ಇದ್ದು ಬಂದವರು ಹೇಳುತ್ತಾರೆ. ಆದ್ದರಿಂದ ಆದಾಯ ಎಂದರೆ ಹಾಲು, ಬೆಣ್ಣೆ, ತುಪ್ಪ ಇಷ್ಟೇ. ಎಮ್ಮೆಯ ಹಾಲಿನಲ್ಲಿ ಜಿಡ್ಡಿನಾಂಶ ಶೇಕಡಾ 6ರಿಂದ 8ರವರೆಗೆ ಇರುತ್ತದೆ, ಆ ಹಾಲಿಗೆ ಡೆಹ್ರಾಡೂನ್, ಹರಿದ್ವಾರ, ಋಷಿಕೇಶಗಳ ಮಿಠಾಯಿ ಅಂಗಡಿಗಳಲ್ಲಿ ಬೇಡಿಕೆ ಕಡಿಮೆಯಾದದ್ದೇ ಇಲ್ಲ.

ಹಾಗಾದರೆ ಬಡತನ ಯಾಕೆ? ಹಾಲು ಪೇಟೆಗೆ ಹೋಗುವುದು ದೂಧಿಯಾ ಎಂದು ಕರೆಯುವ ಮಧ್ಯವರ್ತಿಯ ಕೈಯಿಂದ. ವಲಸೆ ಹೊರಡುವ ಮುನ್ನ ಹಿಟ್ಟು-ಬೇಳೆಗೆ, ಮದುವೆಗೆ, ಕಾಯಿಲೆಗೆ ಅವನು ಮುಂಗಡ ಕೊಟ್ಟಿರುತ್ತಾನೆ. ಸಾಲ ತೀರುವವರೆಗೆ ಹಾಲು ಅವನಿಗೇ, ದರವೂ ಅವನದೇ. ಜಿಡ್ಡು ನೋಡಿ ಬೆಲೆ ಕಟ್ಟುವುದಿಲ್ಲ. ಸಾಲ ತೀರುವ ಹೊತ್ತಿಗೆ ಮುಂದಿನ ವರ್ಷದ ಮುಂಗಡ ಬೇಕಾಗಿರುತ್ತದೆ. ಹಾಲಿನ ಸಂಘ ಬರುವ ಮುಂಚೆ ನಮ್ಮ ಹಳ್ಳಿಗಳಲ್ಲಿ ಹೋಟೆಲಿನವರಿಗೆ ವರ್ತನೆ ಹಾಲು ಹಾಕುತ್ತಿದ್ದ ಹಿರಿಯರನ್ನು ಕೇಳಿ ನೋಡಿ, ಈ ಕಥೆ ಅವರಿಗೆ ಹೊಸದೆನಿಸದು.

ಇಂಥವರಿಗೆ ಸಹಕಾರ ಸಂಘ ಯಾಕೆ ಆಸರೆಯಾಗಲಿಲ್ಲ ಎಂದು ಆ ಗೆಳೆಯರನ್ನು ಕೇಳಿದೆ. ಉತ್ತರ ಕೇಳಿ ನನಗೇ ಮುಜುಗರವಾಯಿತು, ಏಕೆಂದರೆ ನಾನೂ ಸಂಘಗಳನ್ನು ಕಟ್ಟಿಸಿದವನೇ. ನಮ್ಮ ಆನಂದ್ ಮಾದರಿ ಇರುವುದು ಹಳ್ಳಿಗೆ. ಸಂಘಕ್ಕೆ ಒಂದು ಊರು ಬೇಕು, ಸದಸ್ಯನಿಗೆ ಒಂದು ವಿಳಾಸ ಬೇಕು, ಹಾಲಿನ ವಾಹನಕ್ಕೆ ವರ್ಷವಿಡೀ ಅದೇ ಮಾರ್ಗ ಬೇಕು, ವರ್ಷಕ್ಕೆ ಇಷ್ಟು ದಿನ ಹಾಲು ಹಾಕಿರಬೇಕೆಂಬ ನಿಯಮ ಬೇಕು. ನವೆಂಬರಿನಲ್ಲಿ ಕಾಡಿನ ನಡುವೆ, ಮೇ ತಿಂಗಳಲ್ಲಿ ರಸ್ತೆಯಲ್ಲಿ, ಜುಲೈಯಲ್ಲಿ ಮೋಡದ ಮೇಲಿರುವ ಡೇರಾಕ್ಕೆ ಇದರಲ್ಲಿ ಯಾವುದೂ ಹೊಂದುವುದಿಲ್ಲ. ಲಸಿಕೆಯದೂ ಇದೇ ಪಾಡು. 2019ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಆರು ತಿಂಗಳಿಗೊಮ್ಮೆ ಕಾಲುಬಾಯಿ ಜ್ವರದ ಲಸಿಕೆ, ಕಿವಿಗೆ 12 ಅಂಕಿಯ ಓಲೆ ಎಂಬುದು ನಿಮಗೆ ಗೊತ್ತು. ತಂಡ ಹಳ್ಳಿಗೆ ಬಂದ ದಿನ ಮಂದೆ ದಾರಿಯಲ್ಲಿದ್ದರೆ ಆ ಸರದಿ ತಪ್ಪಿತು. ದಾರಿಯ ಹಳ್ಳಿಗರು 'ಇವರ ರಾಸುಗಳಿಂದಲೇ ರೋಗ ಬಂತು' ಎಂದು ದೂರುವುದಕ್ಕೂ ಇಲ್ಲಿ ಒಂದು ಕಾರಣ ಇದೆ. ಆ ದೂರಿನಲ್ಲಿ ಹುರುಳಿಲ್ಲ ಎನ್ನಲಾರೆ, ಆದರೆ ತಪ್ಪು ಎಮ್ಮೆಯದಲ್ಲ.

ದಾರಿ ಮುಚ್ಚಿದ ಬಗೆ

ಒಂದೇ ದಿನದಲ್ಲಿ ಆದದ್ದಲ್ಲ ಇದು. 1878ರ ಅರಣ್ಯ ಕಾಯ್ದೆಯ ನಂತರ ಕಾಡುಗಳು ಕಾಯ್ದಿಟ್ಟ ಅರಣ್ಯಗಳಾದವು. ಗುಜ್ಜರರಿಗೆ ಪರವಾನಗಿ ಚೀಟಿ ಬಂತು: ಇಂಥ ಕುಟುಂಬ, ಇಂತಿಷ್ಟು ಎಮ್ಮೆ, ತಲೆಗೆ ಇಷ್ಟು ತೆರಿಗೆ. ಮಕ್ಕಳು ಮೊಮ್ಮಕ್ಕಳಾಗಿ ಕುಟುಂಬ ಒಡೆದರೂ ಚೀಟಿಯ ಸಂಖ್ಯೆ ಬೆಳೆಯಲಿಲ್ಲ. ಚೀಟಿಗಿಂತ ಹೆಚ್ಚಿಗೆ ಇದ್ದ ಪ್ರತಿಯೊಂದು ಎಮ್ಮೆಯೂ ಕಾನೂನಿನ ಕಣ್ಣಲ್ಲಿ ಕಳ್ಳ ಎಮ್ಮೆಯಾಯಿತು. ದಾರಿಯಲ್ಲಿ ಮಜಲು ಇಳಿಯುತ್ತಿದ್ದ ಬಯಲುಗಳು ನೆಡುತೋಪುಗಳಾದವು, ತೋಟಗಳಾದವು, ಬೇಲಿ ಬಿತ್ತು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ರಾಷ್ಟ್ರೀಯ ಉದ್ಯಾನದೊಳಗೆ ಸಾಕುಪ್ರಾಣಿ ಮೇಯುವಂತಿಲ್ಲ. 1983ರಲ್ಲಿ ರಾಜಾಜಿ, ಮೋತಿಚೂರ್, ಚಿಲ್ಲಾ ಎಂಬ ಮೂರು ಅಭಯಾರಣ್ಯಗಳನ್ನು ಸೇರಿಸಿ ಸುಮಾರು 820 ಚದರ ಕಿಲೋಮೀಟರಿನ ರಾಜಾಜಿ ರಾಷ್ಟ್ರೀಯ ಉದ್ಯಾನ ಮಾಡುವ ಪ್ರಕಟಣೆ ಹೊರಬಿತ್ತು. ವನ ಗುಜ್ಜರರ ಚಳಿಗಾಲದ ಮನೆ ಅದರೊಳಗೇ ಇತ್ತು. 1992ರಲ್ಲಿ ಬೆಟ್ಟ ಇಳಿದು ಬಂದ ಕುಟುಂಬಗಳನ್ನು ಕಾಡಿನ ಅಂಚಿನಲ್ಲೇ ತಡೆದಾಗ ದೊಡ್ಡ ಚಳವಳಿಯಾಯಿತು. ಡೆಹ್ರಾಡೂನಿನ ಅವಧೇಶ್ ಕೌಶಲ್ ಅವರ ಸಂಸ್ಥೆ ಅವರ ಪರ ನಿಂತಿತು, ಮಂದೆಯ ಜೊತೆಯೇ ನಡೆದು ಅಕ್ಷರ ಕಲಿಸುವ ಶಿಕ್ಷಕರನ್ನೂ ಕಳಿಸಿತು. ಹಾಲಿನ ಲೆಕ್ಕ ಬರೆಯಲು ಬಂದರೆ ದೂಧಿಯಾನ ಪುಸ್ತಕ ಓದಲೂ ಬರುತ್ತದಲ್ಲ! ರಾಜಾಜಿ 2015ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು.

ಹಿಮಾಲಯದ ಬೇರೆ ಪಶುಪಾಲಕರ ದಾರಿಗಳೂ ಬೇರೆ ಬೇರೆ ಕಾರಣಗಳಿಂದ ಕಿರಿದಾದವು. 1962ರ ಯುದ್ಧದ ನಂತರ ಟಿಬೆಟಿನ ಗಡಿ ಮುಚ್ಚಿ ಭೋಟಿಯಾ ಜನರ ಉಪ್ಪು-ಉಣ್ಣೆಯ ವ್ಯಾಪಾರ ನಿಂತಿತು. ಧೌಲಾಧಾರ್ ದಾಟಿ ಲಾಹೌಲ್‌ವರೆಗೆ ಕುರಿ-ಮೇಕೆ ಹೊಡೆಯುವ ಹಿಮಾಚಲದ ಗದ್ದಿಗಳಲ್ಲಿ ಇನ್ನೂ ನಡೆಯುವವರಿದ್ದಾರೆ, ಆದರೆ ಕೋಲು ಹಿಡಿಯಲು ಒಪ್ಪುವ ಮಕ್ಕಳು ಕಡಿಮೆ.

ಕಾನೂನು ಒಂದು ಬಾಗಿಲು ತೆರೆದಿದೆ. 2006ರ ಅರಣ್ಯ ಹಕ್ಕು ಕಾಯ್ದೆ ಅಲೆಮಾರಿ ಪಶುಪಾಲಕರ ಋತುಮಾನದ ಮೇವಿನ ಹಕ್ಕನ್ನು ಹೆಸರಿಸಿ ಒಪ್ಪಿದೆ. ಹಿಮಾಚಲದಲ್ಲಿ ಗುಜ್ಜರರು ಪರಿಶಿಷ್ಟ ಪಂಗಡ, ಉತ್ತರಾಖಂಡದಲ್ಲಿ ಅಲ್ಲ. ಆದ್ದರಿಂದ ಉತ್ತರಾಖಂಡದವರು ಮೂರು ತಲೆಮಾರು, ಅಂದರೆ 75 ವರ್ಷ ಆ ಕಾಡಿನಲ್ಲಿ ಇದ್ದುದಕ್ಕೆ ಆಧಾರ ತೋರಿಸಬೇಕು. ಆ ನಸುಕಿನಲ್ಲಿ ನಾನು ಕಂಡ ಕುಟುಂಬದ ಹಿರಿಯರು ಕುದುರೆಯ ಮೇಲಿನ ತಗಡಿನ ಪೆಟ್ಟಿಗೆ ಇಳಿಸಿ ತೆರೆದರು. ಒಳಗೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಮೇವಿನ ತೆರಿಗೆಯ ರಸೀದಿಗಳು, ಅಜ್ಜನ ಕಾಲದವು, ಮಡಿಕೆಯಲ್ಲಿ ಹರಿದವು. ಓದು ಬಾರದ ಆ ಮನುಷ್ಯ ಯಾವ ರಸೀದಿ ಯಾವ ವರ್ಷದ್ದೆಂದು ಬೆರಳಿಟ್ಟು ಹೇಳಿದರು. 2021ರಲ್ಲಿ ಗೋವಿಂದ ಪಶು ವಿಹಾರದ ದಾರಿಯಲ್ಲಿ ಕುಟುಂಬಗಳನ್ನು ತಡೆದಾಗ ಉತ್ತರಾಖಂಡ ಹೈಕೋರ್ಟ್ ಮಧ್ಯೆ ಬಂದು ಅವರನ್ನು ಬುಗ್ಯಾಲಿಗೆ ಹೋಗಲು ಬಿಡಬೇಕೆಂದಿತು. ವಿಶ್ವಸಂಸ್ಥೆ 2026ನೇ ಇಸವಿಯನ್ನು ಹುಲ್ಲುಗಾವಲು ಮತ್ತು ಪಶುಪಾಲಕರ ಅಂತರರಾಷ್ಟ್ರೀಯ ವರ್ಷವೆಂದು ಘೋಷಿಸಿದೆ. ಘೋಷಣೆಯಿಂದ ಮೇವು ಬೆಳೆಯುವುದಿಲ್ಲ, ಆದರೂ ಹೆಸರಾದರೂ ಬಂತು.

ನೆಲೆ ನಿಂತ ಮೇಲೆ

ರಾಜಾಜಿಯಿಂದ ಹೊರಬಂದ ಕುಟುಂಬಗಳಿಗೆ ಹರಿದ್ವಾರದ ಹತ್ತಿರ ಪಥರಿ, ಗೈಂಡಿಖಾತಾ ಎಂಬಲ್ಲಿ ತಲಾ ಸುಮಾರು ಎರಡು ಎಕರೆ ಜಮೀನು ಸಿಕ್ಕಿತು. ಶಾಲೆ, ರಸ್ತೆ, ಆಸ್ಪತ್ರೆ ಹತ್ತಿರವಾದವು. ಹೆರಿಗೆಗೆ ಕಾಡಿನಿಂದ ಹೊತ್ತು ತರಬೇಕಾಗಿಲ್ಲ. ಇದನ್ನು ಹಗುರವಾಗಿ ನೋಡಬಾರದು. ಕಾಡಿನ ಬಾಳನ್ನು ಹಾಡಿ ಹೊಗಳುವವರು ಒಂದು ಮಳೆಗಾಲ ಡೇರಾದಲ್ಲಿ ಇದ್ದು ನೋಡಬೇಕು.

ಆದರೆ ಎಮ್ಮೆಯ ಲೆಕ್ಕ ಹಾಕಿ. ನೀರಾವರಿ ಇರುವ ಒಂದು ಎಕರೆಯಲ್ಲಿ ಬಹುವಾರ್ಷಿಕ ಮೇವು ಬೆಳೆದರೆ ನಾಲ್ಕೈದು ರಾಸು ಸಾಕಬಹುದೆಂದು ನಾವು ಹೇಳುತ್ತೇವೆ. ಅದೂ ಆ ಎಕರೆಯನ್ನು ಪೂರ್ತಿ ಮೇವಿಗೇ ಬಿಟ್ಟರೆ. ಮನೆಗೆ ಗೋಧಿಯೂ ಬೇಕು. ಉಳಿದ ಮೇವು ಕೊಳ್ಳಬೇಕು, ಒಣಹುಲ್ಲು ತೂಕದ ಮೇಲೆ, ಹಿಂಡಿ ಚೀಲದ ಮೇಲೆ. ಕಾಡಿನಲ್ಲಿ ಮೇವಿನ ಬೆಲೆ ದುಡಿಮೆ ಮಾತ್ರ ಆಗಿತ್ತು, ಇಲ್ಲಿ ದುಡ್ಡು ಆಯಿತು. ಇಪ್ಪತ್ತು ಎಮ್ಮೆಯ ಮಂದೆ ಆರಾಗುವುದು, ಆರು ಮೂರಾಗುವುದು ಈ ಲೆಕ್ಕದಿಂದಲೇ. ಕಟ್ಟಿ ಸಾಕುವುದಾದರೆ ಹೆಚ್ಚು ಹಾಲಿನ ಮುರ್ರಾ ಲೇಸೆಂದು ಗುಡ್ಡ ಹತ್ತುವ ಎಮ್ಮೆಯನ್ನು ಕೈಬಿಟ್ಟವರೂ ಇದ್ದಾರೆ. ನಮ್ಮ ಧಾರವಾಡಿ ಎಮ್ಮೆಯಂತೆಯೇ, ಪಂಜಾಬ್-ಹಿಮಾಚಲದ ಗುಜ್ಜರರು ಸಾಕುವ ಗೋಜ್ರಿ ಎಮ್ಮೆಯೂ ಈಗ ದೇಶದ ನೋಂದಾಯಿತ ತಳಿಗಳ ಪಟ್ಟಿಯಲ್ಲಿದೆ. ಪಟ್ಟಿಯಲ್ಲಿ ತಳಿ ಉಳಿಯುತ್ತದೆ. ಕೊಂಬೆಯ ಮೇಲೆ ನಿಂತು ಯಾವ ಸೊಪ್ಪು ಯಾವ ತಿಂಗಳಲ್ಲಿ ಹಾಲು ಏರಿಸುತ್ತದೆ, ಯಾವುದು ಹೊಟ್ಟೆ ಕಟ್ಟಿಸುತ್ತದೆ ಎಂದು ತಿಳಿದವನ ವಿದ್ಯೆಯನ್ನು ಯಾರು ನೋಂದಾಯಿಸಿಕೊಳ್ಳುತ್ತಾರೆ? ನನಗೆ ಪಶುವೈದ್ಯ ಕಾಲೇಜಿನಲ್ಲಿ ಅದರ ಹತ್ತರಲ್ಲಿ ಒಂದು ಪಾಲೂ ಕಲಿಸಿರಲಿಲ್ಲ.

ಹಿಂದಿರುಗುವ ಮುನ್ನ ನೆಲೆ ನಿಂತ ಒಂದು ಮನೆಗೂ ಹೋಗಿದ್ದೆ. ಇಟ್ಟಿಗೆ ಗೋಡೆ, ಮೇಲೆ ಫ್ಯಾನು, ಪಕ್ಕದಲ್ಲಿ ಕೊಟ್ಟಿಗೆ. ನಾಲ್ಕು ಎಮ್ಮೆ ಕಟ್ಟಿದ್ದರು, ಎರಡರ ಗೊರಸು ಚಪ್ಪಲಿಯಂತೆ ಮುಂದಕ್ಕೆ ಬೆಳೆದಿತ್ತು. ಕತ್ತರಿಸುವುದು ಹೇಗೆಂದು ಮನೆಯವರಿಗೆ ಗೊತ್ತಿರಲಿಲ್ಲ. ಅವರ ತಂದೆಗೆ ಆ ಕೆಲಸ ಎಂದೂ ಬಿದ್ದಿರಲಿಲ್ಲವಂತೆ. ಗೆಳೆಯರೂ ನಾನೂ ಸೇರಿ ತೋರಿಸಿಕೊಟ್ಟೆವು. ಗೂಟಗಳು ಆರು ಇದ್ದವು, ಎರಡು ಖಾಲಿ. ಮಾರಿದಿರಾ ಎಂದು ಕೇಳಿದೆ. ಇಲ್ಲ, ಬತ್ತಿದ ಎಮ್ಮೆ ಒಂದು, ಪಡ್ಡೆ ಒಂದು, ಇನ್ನೂ ನಡೆಯುವ ಭಾವಮೈದುನನ ಮಂದೆಯ ಜೊತೆ ಮೇಲಕ್ಕೆ ಕಳಿಸಿದ್ದೇನೆ ಎಂದರು. ಈ ಸಲ ಮೇಲಿನ ಗೇಟಿನಲ್ಲಿ ಎಷ್ಟು ದಿನ ನಿಲ್ಲಿಸುತ್ತಾರೋ ಗೊತ್ತಿಲ್ಲ, ಇಳಿದು ಬರುವಾಗ ಗಬ್ಬವಾಗಿ ಬರುತ್ತವೆ ಎಂದು ನಂಬಿದ್ದೇನೆ ಎಂದರು.